ನಾದ ದಾಸೋಹ



ಧರ್ಮಗುರು ಬಸವಣ್ಣನವರು ತಮ್ಮ ವಚನವೊಂದರಲ್ಲಿ ಕಾಗೆ ಮತ್ತು ಕೋಳಿಗಳನ್ನು ಭಕ್ತನಿಗೆ ಪಾಠ ಹೇಳುವ ಗುರುಗಳನ್ನಾಗಿ ನಿಲ್ಲಿಸಿದ್ದಾರೆ. ನೆಲದ ಮೇಲೆ ಬಿದ್ದ ಒಂದೇ ಒಂದು ಅನ್ನದ ಕಾಳು ಕಣ್ಣಿಗೆ ಬಿದ್ದರೂ ಕಾಗೆಯು ಅದನ್ನು ಒಂಟಿಯಾಗಿ ನುಂಗುವುದಿಲ್ಲ; ಕೂಗಿ ತನ್ನವರನ್ನು ಸೇರಿಸುತ್ತದೆ. ಕೋಳಿಯೂ ಹಾಗೆಯೇ. ಶಿವಭಕ್ತನೆನಿಸಿಕೊಂಡವನಲ್ಲಿ ಈ ಗುಣವಿಲ್ಲದಿದ್ದರೆ ಅವನು ಆ ಪಕ್ಷಿಗಳಿಗಿಂತ ಕೆಳಗಿನವನೆಂಬುದು ಅಣ್ಣನವರ ನಿರ್ಣಯ. ಈ ವಚನವನ್ನು ಅನ್ನದಾಸೋಹದ ಸಂದರ್ಭದಲ್ಲಿ ಎಲ್ಲರೂ ಸ್ಮರಿಸುತ್ತಾರೆ. ಆದರೆ ಮನುಷ್ಯನಿಗೆ ದೊರೆಯುವ ಅಗುಳು ಅನ್ನವೊಂದೇ ಅಲ್ಲ. ಕಿವಿಗೆ ಬಿದ್ದ ಒಂದು ಒಳ್ಳೆಯ ಹಾಡು ಕೂಡ ಅಗುಳೇ ಆಗಿದೆ. ಅದನ್ನು ಕಂಡಾಗ ಬಳಗವನ್ನು ಕರೆಯಬೇಕೋ, ಮುಚ್ಚಿಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಗೆ ಧಾರವಾಡದ ಒಬ್ಬ ಹಿರಿಯ ಶರಣರ ಬದುಕಿನಲ್ಲಿ ಬಹಳ ತಡವಾಗಿ ಉತ್ತರ ದೊರೆಯಿತು.

ಆ ಶರಣರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು 2006ರಲ್ಲಿ ನಿವೃತ್ತರಾದವರು. ತ್ರಿಕಾಲ ಲಿಂಗಪೂಜೆ, ಮಠದ ಶಿವಾನುಭವ ಗೋಷ್ಠಿ, ಸಂಗೀತ ಶ್ರವಣ ಇವು ಮೂರೇ ಅವರ ದಿನಚರಿ. ಅವರ ಮನೆಯ ಪಡಸಾಲೆಯಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಅದರೊಳಗೆ ಮುನ್ನೂರಕ್ಕೂ ಹೆಚ್ಚು ಕ್ಯಾಸೆಟ್ಟುಗಳು, ಕೆಲವು ಹಳೆಯ ರೆಕಾರ್ಡುಗಳು, ಅನಂತರ ಬಂದ ಸಿ.ಡಿ.ಗಳು. ಪ್ರತಿಯೊಂದರ ಬೆನ್ನ ಮೇಲೆ ಗಾಯಕರ ಹೆಸರು, ವಚನಕಾರರ ಹೆಸರು, ದಿನಾಂಕ ಇವೆಲ್ಲ ಮುತ್ತಿನಂತಹ ಅಕ್ಷರಗಳಲ್ಲಿ ಬರೆಯಲ್ಪಟ್ಟಿವೆ. ಕಪಾಟಿನ ಕೀಲಿಕೈ ಅವರ ಜನಿವಾರದಂತೆ ಎಂದು ಮನೆಯವರು ನಗೆಯಾಡುತ್ತಿದ್ದರು. ಲಿಂಗವಂತರಿಗೆ ಜನಿವಾರವಿಲ್ಲವೆಂದು ಅವರು ಗದರುತ್ತಿದ್ದರೇ ಹೊರತು ಕೀಲಿಕೈಯನ್ನು ಮಾತ್ರ ಸೊಂಟದಿಂದ ತೆಗೆದವರಲ್ಲ.

ಆ ಕಪಾಟಿನ ಮೇಲಿನ ಸಾಲಿನಲ್ಲಿದ್ದವರು ಪಂಡಿತ ಮಲ್ಲಿಕಾರ್ಜುನ ಮನ್ಸೂರರು. ಧಾರವಾಡದ ಸಮೀಪದ ಮನ್ಸೂರಿನಲ್ಲಿ 1910ರಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದ ಅವರು ಮೊದಲು ನೀಲಕಂಠಬುವಾ ಅವರಲ್ಲಿ, ಬಳಿಕ ಅಲ್ಲಾದಿಯಾ ಖಾನರ ಪುತ್ರರಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನ್ ಅವರಲ್ಲಿ ಕಲಿತು ಜೈಪುರ ಘರಾಣೆಯ ಅಗ್ರಗಣ್ಯರಾದರು. ಹಿಂದುಸ್ತಾನಿ ಸಂಗೀತದ ಗಂಭೀರ ರಾಗಗಳ ಜೊತೆಗೆ ಅದೇ ಕಂಠದಲ್ಲಿ ಶರಣರ ವಚನಗಳನ್ನೂ ಹಾಡಿ, ವಚನ ಗಾಯನಕ್ಕೆ ದೇಶದ ಕಛೇರಿಗಳಲ್ಲಿ ಸ್ಥಾನ ದೊರಕಿಸಿದವರು ಅವರು. ಎರಡನೆಯ ಸಾಲಿನಲ್ಲಿ ಸಿದ್ಧರಾಮ ಜಂಬಲದಿನ್ನಿಯವರು, ಬಸವರಾಜ ರಾಜಗುರುಗಳು, ಪುಟ್ಟರಾಜ ಗವಾಯಿಗಳು, ಕೊನೆಗೆ ಎಂ. ವೆಂಕಟೇಶಕುಮಾರರು.

ಇವರಲ್ಲಿ ರಾಜಗುರು, ಪುಟ್ಟರಾಜರು, ವೆಂಕಟೇಶಕುಮಾರರು ಈ ಮೂವರ ಸಂಗೀತದ ಬೇರು ಒಂದೇ ಪರಂಪರೆಯಲ್ಲಿದೆ ಎಂಬುದು ಗಮನಾರ್ಹವಾದ ಸಂಗತಿ. ಹಾನಗಲ್ಲ ಕುಮಾರ ಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ತಮಗೆ ದೊರೆತ ವಿದ್ಯೆಯನ್ನು ಅವರು ಪೆಟ್ಟಿಗೆಯಲ್ಲಿಡಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಅನ್ನವನ್ನೂ ನಾದವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಬೆಳೆದುದು ಹೀಗೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ, ಸ್ವತಃ ಅಂಧರಾದ ಪುಟ್ಟರಾಜರು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ದಾಸೋಹವನ್ನು ನಡೆಸಿಕೊಂಡು ಬಂದರು. ಧಾರವಾಡದ ಆ ಶರಣರಿಗೆ ಈ ಚರಿತ್ರೆಯೆಲ್ಲ ಕಂಠಪಾಠವಾಗಿತ್ತು. ಗೋಷ್ಠಿಗಳಲ್ಲಿ ಅದನ್ನು ಸೊಗಸಾಗಿ ಹೇಳುತ್ತಲೂ ಇದ್ದರು. ಆದರೆ ಯಾರಾದರೂ ಒಂದು ಕ್ಯಾಸೆಟ್ಟನ್ನು ಕೇಳಿ ಕೊಡುವೆವೆಂದರೆ "ಟೇಪು ಸಿಕ್ಕೊಂತದ, ತಪ್ಪು ತಿಳೀಬ್ಯಾಡ್ರಿ" ಎಂದು ಕೈಮುಗಿದುಬಿಡುತ್ತಿದ್ದರು.

ಅವರ ಧರ್ಮಪತ್ನಿ ರೋಣ ಸೀಮೆಯ ಹಳ್ಳಿಯೊಂದರಿಂದ ಬಂದವರು. ಶಾಲೆಯ ಓದು ನಾಲ್ಕನೆಯ ಇಯತ್ತೆಯವರೆಗೆ. ತಾಯಿಯು ಬೀಸುವಾಗ ಹೇಳುತ್ತಿದ್ದ ವಚನಗಳು ಆ ತಾಯಿಯ ಧಾಟಿಯಲ್ಲಿಯೇ ಅವರ ಬಾಯಲ್ಲಿದ್ದವು. ಅದಕ್ಕೆ ರಾಗದ ಹೆಸರಿಲ್ಲ, ತಾಳದ ಲೆಕ್ಕವಿಲ್ಲ. ರೊಟ್ಟಿ ಬಡಿಯುವ ಕೈಯೇ ತಾಳ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಅಡಿಗೆಮನೆಯಲ್ಲಿ ನಿಸ್ಸಂಕೋಚವಾಗಿ ಹಾಡಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಮಹಾನ್ ಗಾಯಕರ ಆಲಾಪ ನಡೆದಿರುವಾಗ ಒಳಗಿನಿಂದ ಬರುವ ಆ ದನಿಯು ಯಜಮಾನರ ಪಳಗಿದ ಕಿವಿಗೆ ಹರಳಿನಂತೆ ತಾಗುತ್ತಿತ್ತು. ಅವರು ಎಂದೂ ಕಟುವಾಗಿ ಬೈದವರಲ್ಲ. "ಸ್ವಲ್ಪ ಸುಮ್ನಿರ" ಎನ್ನುತ್ತಿದ್ದರು, ಅಷ್ಟೇ. ಆ ತಾಯಿ ಸುಮ್ಮನಾಗುತ್ತಿದ್ದರು. ವರ್ಷಗಳು ಕಳೆದಂತೆ ಹಾಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಮಕ್ಕಳು ಬೆಳೆದು ದೊಡ್ಡವರಾಗುವ ಹೊತ್ತಿಗೆ ಅವ್ವನಿಗೆ ಹಾಡಲು ಬರುತ್ತದೆ ಎಂಬುದೇ ಮನೆಯಲ್ಲಿ ಮರೆತುಹೋಗಿತ್ತು. 2018ರಲ್ಲಿ ಆ ತಾಯಿ ಲಿಂಗೈಕ್ಯರಾದರು.

ಮನೆಯಲ್ಲಿ ಒಬ್ಬರೇ ಉಳಿದ ಮೇಲೆ ಯಜಮಾನರು ಕಪಾಟಿನ ಬೀಗ ತೆಗೆಯುವುದೂ ಕಡಿಮೆಯಾಯಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗಳು ಪ್ರತಿ ರವಿವಾರ ದೂರವಾಣಿ ಮಾಡುತ್ತಿದ್ದಳು. ಆರೋಗ್ಯ, ಊಟ, ಔಷಧಗಳ ಮಾತು ಮುಗಿದ ಮೇಲೆ ಮಾತಿಗೆ ವಿಷಯವಿರುತ್ತಿರಲಿಲ್ಲ. 2021ರ ಒಂದು ರವಿವಾರ ಆಕೆ ಸಹಜವಾಗಿ ಕೇಳಿದಳು: "ಅಜ್ಜಾ, ಈಗೀಗ ಏನ ಕೇಳಾಕತ್ತೀರಿ?" ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಾಯಿತು. ಆ ದಿನ ಸಂಜೆಯೇ ಕಪಾಟು ತೆಗೆದು ಮನ್ಸೂರರ ವಚನಗಳನ್ನು ಹಚ್ಚಿ ಕೇಳಿದರು. ಮುಂದಿನ ರವಿವಾರ ಅದರ ವಿಷಯವನ್ನು ಮುಕ್ಕಾಲು ಗಂಟೆ ಹೇಳಿದರು. ಎಲ್ಲವನ್ನೂ ಕೇಳಿದ ಮೊಮ್ಮಗಳು, ತಾನು ಕೇಳುತ್ತಿರುವುದನ್ನೂ ಅಜ್ಜ ಕೇಳಬೇಕೆಂದು ಪಟ್ಟು ಹಿಡಿದಳು.

ಹೀಗೆ ವಿನಿಮಯ ಆರಂಭವಾಯಿತು. ಆಕೆ ಕಳಿಸಿದ್ದು ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲ ಆಲ್ಬಮ್. ಅದರಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರಿನೊಡನೆ ಬರುತ್ತವೆ. ಶರೀಫಜ್ಜನ ಪದಗಳಿಗೆ ಏಕತಾರಿ ಇರಬೇಕು, ದಮ್ಮಡಿ ಇರಬೇಕು, ಗಿಟಾರೆಂದರೇನು ಎಂದು ಅಜ್ಜ ಮೊದಲು ಸಿಡುಕಿದರು. ಆದರೆ ಮುಂದಿನ ವಾರ ಅದನ್ನು ಮೂರು ಸಲ ಕೇಳಿದೆನೆಂದು ಒಪ್ಪಿಕೊಂಡರು. ಪದ ತನ್ನ ಅರ್ಥವನ್ನು ಕಳೆದುಕೊಂಡಿಲ್ಲ ಎಂಬುದು ಅವರ ತೀರ್ಪು. ಅದಕ್ಕೆ ಪ್ರತಿಯಾಗಿ ಅವರು ಸಿ. ಅಶ್ವತ್ಥರು ಹಾಡಿದ ಶರೀಫರ ಪದಗಳನ್ನು ಕೇಳಲು ಹೇಳಿದರು. ಆಕೆ ಎರಡನ್ನೂ ಹೋಲಿಸಿ ಅನಿಸಿದ್ದನ್ನು ಹೇಳಿದಳು. ಎಂಬತ್ತರ ಸಮೀಪದ ಅಜ್ಜ ಮತ್ತು ಇಪ್ಪತ್ತೈದರ ಮೊಮ್ಮಗಳ ನಡುವೆ ಮೊದಲ ಬಾರಿಗೆ ನಿಜವಾದ ಮಾತುಕತೆ ನಡೆಯಿತು. ಒಬ್ಬರು ಇನ್ನೊಬ್ಬರಿಗೆ ತಮ್ಮ ಕಿವಿಯನ್ನು ಕೊಡುವುದೆಂದರೆ ಇದೇ.

ಒಂದು ವಾರ ಆಕೆ ಮನ್ಸೂರರು ಹಾಡಿದ ಅಕ್ಕಮಹಾದೇವಿಯವರ ಕನಸಿನ ವಚನವನ್ನು ಕೇಳಿ ಒಂದು ಸಂದೇಹವನ್ನು ಎತ್ತಿದಳು. ಆ ವಚನದಲ್ಲಿ ಅಕ್ಕನು ತಾನು ಕಂಡ ಕನಸನ್ನು ಜೊತೆಯವಳಿಗೆ ಹೇಳಿಕೊಳ್ಳುತ್ತಾಳೆ. ಮಂಗಲದ ವಸ್ತುಗಳು ಕಾಣುತ್ತವೆ. ಚಿಕ್ಕ ಜಡೆಯ, ಹೊಳೆಯುವ ಹಲ್ಲಿನ ಗೊರವನೊಬ್ಬ ಭಿಕ್ಷೆಗೆ ಬರುತ್ತಾನೆ. ಮೀರಿ ಹೋಗುವ ಅವನನ್ನು ಬೆನ್ನಟ್ಟಿ ಅಕ್ಕನು ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. "ಅಜ್ಜಾ, ಕಣ್ಣ ತೆರದದ್ದು ಅಂದ್ರ ಕನಸ ಮುಗದು ಎಚ್ಚರಾದದ್ದೋ, ಇಲ್ಲಾ ಕಂಡಿದ್ದಕ್ಕ ಒಳಗಣ್ಣ ತೆರದದ್ದೋ?" ಎಂಬುದು ಆಕೆಯ ಪ್ರಶ್ನೆ. ನಾಲ್ಕು ದಶಕಗಳಿಂದ ಆ ಹಾಡನ್ನು ಕೇಳಿದ್ದ ಅಜ್ಜ, ರಾಗದ ಏರಿಳಿತಗಳನ್ನೆಲ್ಲ ಬಲ್ಲವರಾದರೂ, ಈ ಪ್ರಶ್ನೆಯನ್ನು ತಮಗೆ ತಾವು ಎಂದೂ ಕೇಳಿಕೊಂಡಿರಲಿಲ್ಲ. ಎಚ್ಚರವೂ ಹೌದು, ಅರಿವೂ ಹೌದು. ಕನಸಿನಲ್ಲಿ ಹಿಡಿದ ಕೈಯು ಎಚ್ಚರದಲ್ಲಿಯೂ ಬಿಡದಿರುವುದೇ ಅನುಭಾವ ಎಂದು ಅವರು ವಿಚಾರ ಮಾಡಿ ಹೇಳಿದರು. ಆಗ ಮೊಮ್ಮಗಳು, "ಆಯಿ ಇದನ್ನ ಹಾಡತಿದ್ಲಂತ ಅಪ್ಪ ಹೇಳತಾನ. ಆಯಿದು ಏನರ ರೆಕಾರ್ಡಿಂಗ್ ಅದ ಏನ್ರಿ?" ಎಂದಳು.

ಅಜ್ಜ ಮೌನವಾದರು. ಮುನ್ನೂರು ಕ್ಯಾಸೆಟ್ಟುಗಳಲ್ಲಿ ನಾಡಿನ ದೊಡ್ಡ ದೊಡ್ಡ ಕಂಠಗಳಿದ್ದವು. ನಲವತ್ತೆರಡು ವರ್ಷ ಜೊತೆಗಿದ್ದ ಕಂಠ ಮಾತ್ರ ಒಂದರಲ್ಲಿಯೂ ಇರಲಿಲ್ಲ.

ಆದರೂ ಅವರು ಹುಡುಕಿದರು. ಕಪಾಟಿನ ಕೆಳಗಿನ ಖಾನೆಯಲ್ಲಿ, ಕೆಟ್ಟವೆಂದು ತೆಗೆದಿಟ್ಟಿದ್ದ ಕ್ಯಾಸೆಟ್ಟುಗಳ ರಾಶಿಯಲ್ಲಿ ಒಂದರ ಮೇಲೆ ಅವರದೇ ಅಕ್ಷರಗಳಿದ್ದವು: "1986. ರೇಡಿಯೋ. ಕೆಟ್ಟಿದೆ. ಅಡಿಗೆಮನೆ ಸದ್ದು." ಆಗ ಅವರು ಧಾರವಾಡ ಆಕಾಶವಾಣಿಯ ವಚನ ಗಾಯನವನ್ನು ಧ್ವನಿಮುದ್ರಿಸಿಕೊಳ್ಳಲು ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರನ್ನು ಇಟ್ಟು ಗುಂಡಿ ಒತ್ತುತ್ತಿದ್ದರು. ರೇಡಿಯೋದ ಹಾಡಿನ ಜೊತೆಗೆ ಕೋಣೆಯ ಸದ್ದೂ ಅದರಲ್ಲಿ ಸೇರುತ್ತಿತ್ತು. ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದರೆ ಅದರ ಮೇಲೆ ಮತ್ತೆ ಬೇರೇನನ್ನೂ ಮುದ್ರಿಸಲು ಬರುವುದಿಲ್ಲ. ಬೆಲೆಯುಳ್ಳ ಕ್ಯಾಸೆಟ್ಟುಗಳಿಗೆಲ್ಲ ಅವರು ಹಾಗೆ ಮಾಡಿದ್ದರು. ಇದರ ಚಕ್ಕೆಗಳು ಹಾಗೆಯೇ ಇದ್ದವು; ಅಳಿಸಿ ಬೇರೆ ಹಾಡು ತುಂಬಿಕೊಳ್ಳಬೇಕೆಂದು ಇಟ್ಟದ್ದು ಮರೆತುಹೋಗಿತ್ತು.

ಟೇಪು ಒಂದಕ್ಕೊಂದು ಅಂಟಿಕೊಂಡಿರಬಹುದೆಂದು ಅಂಜುತ್ತ ಪೆನ್ಸಿಲಿನಿಂದ ನಿಧಾನವಾಗಿ ಸುತ್ತಿ, ಅವರು ಅದನ್ನು ಹಚ್ಚಿದರು. ಹಿರಿಯ ಗಾಯಕರೊಬ್ಬರು ಅಕ್ಕನ ಅದೇ ವಚನವನ್ನು ಹಾಡುತ್ತಿದ್ದರು. ಅವರ ಹಿಂದೆ, ದೂರದಲ್ಲಿ, ರೊಟ್ಟಿ ಬಡಿಯುವ ಸದ್ದು. ಆ ಸದ್ದಿನೊಡನೆ ಒಂದು ಹೆಣ್ಣುದನಿಯು ಅದೇ ವಚನವನ್ನು ಬೇರೆ ಧಾಟಿಯಲ್ಲಿ, ಅರ್ಧ ಉಸಿರು ಹಿಂದೆ ಹಿಂದೆ ಹಾಡಿಕೊಳ್ಳುತ್ತಿತ್ತು. ಗೊರವನು ಬಂದ, ಮೀರಿ ಹೋದ, ಬೆನ್ನಟ್ಟಿದ್ದಾಯಿತು. ಅಷ್ಟರಲ್ಲಿ ಗಂಡುದನಿಯೊಂದು ತೀರ ಹತ್ತಿರದಿಂದ ಸ್ಪಷ್ಟವಾಗಿ ಕೇಳಿಸಿತು: "ಏ, ಸ್ವಲ್ಪ ಸುಮ್ನಿರ. ಹಾಡ ಕೇಳಸವಲ್ದು." ಹೆಣ್ಣುದನಿಯು ನಡುವೆಯೇ ನಿಂತಿತು. ಕೆಲವು ಕ್ಷಣಗಳ ನಂತರ ರೊಟ್ಟಿ ಬಡಿಯುವ ಸದ್ದೂ ಮೆಲ್ಲಗಾಯಿತು. ಹಾಡಿಗೆ ತೊಂದರೆಯಾಗದಿರಲೆಂದು ಆ ತಾಯಿ ಕೈಯನ್ನು ಹಗುರ ಮಾಡಿಕೊಂಡಿದ್ದರು. ರೇಡಿಯೋದಲ್ಲಿ ಗಾಯಕರು ವಚನವನ್ನು ಪೂರ್ಣಗೊಳಿಸಿದರು.

ಯಜಮಾನರು ಆ ರಾತ್ರಿ ಆ ಕ್ಯಾಸೆಟ್ಟಿನ ಎರಡೂ ಚಕ್ಕೆಗಳನ್ನು ಮುರಿದರು.

ಸಂಗೀತದ ವಿಷಯದಲ್ಲಿ ಬಸವಣ್ಣನವರ ಮೂರು ವಚನಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬೇಕು. ಒಂದರಲ್ಲಿ ಅವರು ತಮ್ಮ ದೇಹವನ್ನೇ ವೀಣೆಯ ದಂಡಿಗೆಯನ್ನಾಗಿ, ತಲೆಯನ್ನು ಸೋರೆಬುರುಡೆಯನ್ನಾಗಿ, ನರಗಳನ್ನು ತಂತಿಗಳನ್ನಾಗಿ ಮಾಡಿಕೊಂಡು ಎದೆಗೊತ್ತಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಇನ್ನೊಂದರಲ್ಲಿ ತಮಗೆ ತಾಳವಾಗಲಿ ಅದರ ಲೆಕ್ಕಾಚಾರವಾಗಲಿ ತಿಳಿಯದು, ದೇವನಿಗೆ ಕೊರತೆಯಿಲ್ಲದ್ದರಿಂದ ಪ್ರೀತಿ ಬಂದಂತೆ ಹಾಡುವೆನೆನ್ನುತ್ತಾರೆ. ಮೂರನೆಯದರಲ್ಲಿ ಶಿವನು ನಾದಕ್ಕೆ ಒಲಿಯುವವನಲ್ಲ, ವೇದಕ್ಕೂ ಒಲಿಯುವವನಲ್ಲ, ಭಕ್ತಿಗೆ ಮಾತ್ರ ಒಲಿಯುವವನು ಎಂದು ಸಾರುತ್ತಾರೆ. ನಾದಮಾಡಿದ ರಾವಣನಿಗೆ ಪೂರ್ಣಾಯುಷ್ಯ ದೊರೆಯಲಿಲ್ಲ, ವೇದವನ್ನೋದಿದ ಬ್ರಹ್ಮನಿಗೆ ಶಿರಸ್ಸು ಉಳಿಯಲಿಲ್ಲ ಎಂಬುದು ಅವರ ದೃಷ್ಟಾಂತ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ತನ್ನನ್ನೇ ವೀಣೆಯಾಗಿಸೆಂದು ಬೇಡಿದವರು ನಾದವನ್ನು ಅಲ್ಲಗಳೆಯುವುದೆಂತು? ಅಣ್ಣನವರು ಅಲ್ಲಗಳೆದದ್ದು ನಾದವನ್ನಲ್ಲ, ನಾದದ ಮೇಲಿನ ಒಡೆತನವನ್ನು. ವೀಣೆಯು ತನ್ನ ಸ್ವರವನ್ನು ತನಗಾಗಿ ಇಟ್ಟುಕೊಳ್ಳುವುದಿಲ್ಲ. ಆ ಹಿರಿಯರು ತಮ್ಮನ್ನು ವೀಣೆಯೆಂದು ಭಾವಿಸಿದ್ದರು; ನಿಜದಲ್ಲಿ ಅವರು ವೀಣೆಯನ್ನಿಡುವ ಪೆಟ್ಟಿಗೆಯಾಗಿದ್ದರು. ವೀಣೆಯು ಅಡಿಗೆಮನೆಯಲ್ಲಿತ್ತು.

ಷಟ್‌ಸ್ಥಲ ತತ್ತ್ವವು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂದು ಇಂದ್ರಿಯಗಳ ಮುಖದಲ್ಲಿ ಲಿಂಗವನ್ನು ಗುರುತಿಸಲಾಗಿದೆ. ಕಿವಿಯ ಮುಖದಲ್ಲಿರುವುದು ಪ್ರಸಾದಲಿಂಗ. ಕೇಳಿದ ಶಬ್ದವನ್ನು ಆ ಲಿಂಗಕ್ಕೆ ಅರ್ಪಿಸಿದಾಗ ಅದು ಪ್ರಸಾದವಾಗಿ ಮರಳುತ್ತದೆ. ಪ್ರಸಾದಕ್ಕೆ ಬೀಗ ಹಾಕುವವರು ಯಾರು? ವಚನಗಳೂ ಒಂದು ಕಾಲದಲ್ಲಿ ಮನೆಮನೆಗಳ ಜಗಲಿಯ ಮೇಲೆ ತಾಳೆಗರಿಯ ಕಟ್ಟುಗಳಾಗಿ, ಬಿಚ್ಚಿ ಓದದೆ ಪೂಜೆಗೊಳ್ಳುತ್ತಿದ್ದವು. ಡಾ. ಫ.ಗು. ಹಳಕಟ್ಟಿಯವರು ಅವುಗಳನ್ನು ಅರಸಿ ತಂದು 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಪ್ರಕಟಿಸಿದರು. ಮುದ್ರಣಕ್ಕಾಗಿ ತಮ್ಮ ಮನೆಯನ್ನೂ ಮಾರಿದರು. ಆ ಕಟ್ಟುಗಳು ಬಿಚ್ಚಿಕೊಳ್ಳದೆ ಹೋಗಿದ್ದರೆ ಗಾಯಕರಿಗೆ ಹಾಡಲು ಎಷ್ಟು ವಚನಗಳು ಉಳಿಯುತ್ತಿದ್ದವು?

ಮೊಮ್ಮಗಳು ಊರಿಗೆ ಬಂದು ಆ ಕ್ಯಾಸೆಟ್ಟನ್ನು ಗಣಕಯಂತ್ರಕ್ಕೆ ಇಳಿಸಿದಳು. ರೇಡಿಯೋದ ಗರಗರ ಸದ್ದನ್ನು ಕಡಿಮೆ ಮಾಡಬಹುದು, ಅಜ್ಜನ ಮಾತನ್ನು ಕತ್ತರಿಸಿಯೂ ಬಿಡಬಹುದು ಎಂದಳು. "ಅದನ್ನ ತಗೀಬ್ಯಾಡವಾ" ಎಂದರು ಅಜ್ಜ. "ಅದು ಇರಬೇಕು."

2022ರಲ್ಲಿ ಆ ತಾಯಿಯ ಪುಣ್ಯಸ್ಮರಣೆಯು ಮನೆಯಲ್ಲಿ ನಡೆಯಿತು. ಪ್ರತಿ ವರ್ಷ ಗಾಯಕರನ್ನು ಕರೆಸುತ್ತಿದ್ದ ಯಜಮಾನರು ಆ ವರ್ಷ ಯಾರನ್ನೂ ಕರೆಸಲಿಲ್ಲ. ಪ್ರಾರ್ಥನೆಯ ನಂತರ ಎದ್ದುನಿಂತು, ತಾವು ಇತ್ತೀಚೆಗೆ ಕೇಳುತ್ತಿರುವ ಹಾಡೊಂದನ್ನು ಎಲ್ಲರಿಗೂ ಕೇಳಿಸುವುದಾಗಿ ಹೇಳಿ ಕುಳಿತರು. ರೊಟ್ಟಿಯ ಸದ್ದು ಬಂತು, ದನಿ ಬಂತು, ಗದರಿಕೆಯೂ ಬಂತು. ದನಿ ನಿಂತಿತು. ಮಗ ತಲೆ ತಗ್ಗಿಸಿದ. ಯಾರೂ ಮಾತನಾಡಲಿಲ್ಲ. ಆಗ ಹೆಣ್ಣುಮಕ್ಕಳ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ, ಲಿಂಗೈಕ್ಯ ತಾಯಿಯ ಒಡಹುಟ್ಟಿದ ತಂಗಿ, ಅಕ್ಕ ನಿಲ್ಲಿಸಿದ ಪದದಿಂದಲೇ ಎತ್ತಿಕೊಂಡು, ತಮ್ಮ ತಾಯಿ ಬೀಸುವಾಗ ಹೇಳುತ್ತಿದ್ದ ಧಾಟಿಯಲ್ಲಿ ವಚನವನ್ನು ಕೊನೆಯವರೆಗೆ ಹೇಳಿದರು. ಕೈ ಹಿಡಿದದ್ದಾಯಿತು, ಕಂಡದ್ದಾಯಿತು, ಕಣ್ಣು ತೆರೆದದ್ದಾಯಿತು. ಆ ಧಾಟಿಯು ಆ ಮನೆಯಲ್ಲಿ ಪೂರ್ಣವಾಗಿ ಕೇಳಿಸಿದ್ದು ಅದೆಷ್ಟೋ ವರ್ಷಗಳ ನಂತರ.

"ಕಣ್ಣ ತೆರೀಲಿಕ್ಕೆ ಇಷ್ಟ ವರ್ಷ ಬೇಕಾತು ನೋಡವಾ" ಎಂದು ಅಜ್ಜ ಮೊಮ್ಮಗಳಿಗೆ ಹೇಳಿದ್ದು ಅನಂತರ, ಎಲ್ಲರೂ ಪ್ರಸಾದಕ್ಕೆ ಕುಳಿತಾಗ.

ಈಗ ಆ ಕಪಾಟಿಗೆ ಬೀಗವಿಲ್ಲ. ಕಪಾಟಿನ ಬಾಗಿಲಿಗೆ ಒಂದು ವಹಿಯನ್ನು ದಾರದಿಂದ ಕಟ್ಟಲಾಗಿದೆ. ಒಯ್ದವರು ಹೆಸರು ಬರೆದು ಒಯ್ಯುತ್ತಾರೆ. ಟೇಪು ನುಡಿಸುವ ಯಂತ್ರವಿಲ್ಲದವರು ಪಡಸಾಲೆಯಲ್ಲಿಯೇ ಕುಳಿತು ಕೇಳುತ್ತಾರೆ. ನಾಲ್ಕು ಕ್ಯಾಸೆಟ್ಟುಗಳು ಮರಳಿ ಬಂದಿಲ್ಲ. ಅವು ಎಲ್ಲಿಯೋ ಯಾರ ಕಿವಿಗೋ ಬೀಳುತ್ತಿರಬೇಕೆಂದು ಯಜಮಾನರು ಸಮಾಧಾನದಿಂದಿದ್ದಾರೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಪಾತ್ರೆ ತೊಳೆಯುತ್ತ ಏನನ್ನಾದರೂ ಗುನುಗಿಕೊಂಡರೆ ಅವರು ಹಾಡುತ್ತಿರುವ ಯಂತ್ರವನ್ನೇ ನಿಲ್ಲಿಸಿ ಆಲಿಸುತ್ತಾರೆ.

ಶರಣ ಬಂಧುಗಳೇ, ಇಂದು ಹಾಡುಗಳಿಗೆ ಬರವಿಲ್ಲ. ಅಂಗೈಯಲ್ಲಿನ ಯಂತ್ರದೊಳಗೆ ನಾದಸಾಗರವೇ ಇದೆ. ಆದರೆ ಕಿವಿಗೆ ತೂರಿಸಿಕೊಂಡ ತಂತಿಯೊಳಗೆ ಒಬ್ಬೊಬ್ಬರೇ ಕೇಳುತ್ತ ಕುಳಿತರೆ ಅದು ಬೀಗ ಹಾಕಿದ ಕಪಾಟೇ ಆಗುತ್ತದೆ. ಮನೆಯ ಹಿರಿಯರನ್ನು, ಕಿರಿಯರನ್ನು ಈಗ ಏನು ಕೇಳುತ್ತಿರುವಿರೆಂದು ಒಮ್ಮೆ ವಿಚಾರಿಸಬೇಕು. ತಾವು ಕೇಳಿದ್ದನ್ನು ಅವರಿಗೆ ಕೇಳಿಸಬೇಕು. ಅದಕ್ಕೂ ಮೊದಲು ಅಡಿಗೆಮನೆಯಿಂದ, ಹಿತ್ತಲಿನಿಂದ, ತೊಟ್ಟಿಲಿನ ಬಳಿಯಿಂದ ಬರುವ ದನಿಯೊಂದಿದ್ದರೆ ಅದಕ್ಕೆ ಮೊದಲು ಕಿವಿಗೊಡಬೇಕು. ಬಳಗವನ್ನು ಕರೆಯುವ ಕಾಗೆಗೆ ಕಂಠ ಚೆನ್ನಾಗಿಲ್ಲ. ಬಸವಣ್ಣನವರು ಅದನ್ನೇ ಆರಿಸಿಕೊಂಡರು.